ಬಚ್ಚಲುಮನೆಯ ಕಮರು

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಚಾಮರಾಜಪೇಟೆಯ ವಠಾರಗಳಲ್ಲಿ ಐದಾರು ಮನೆಗೆ ಒಂದೇ ಬಚ್ಚಲುಮನೆ ಇರುತ್ತಿದ್ದ ಕಾಲ ಅದು. ಮರದ ಹೊಟ್ಟು ತುಂಬಿದ ಒಲೆಯ ಮೇಲೆ ಹಂಡೆ, ಸ್ನಾನಕ್ಕೆ ಸರದಿ. ಟವೆಲ್ ಹೆಗಲಿಗೆ ಹಾಕಿಕೊಂಡು ನಾನು ಹೊರಗೆ ನಿಂತಿದ್ದೆ. ಒಳಗಿದ್ದವಳು ಕೊನೆಯ ಮನೆಯ ಸುಮಾ, ನನ್ನದೇ ಕ್ಲಾಸು, ಸಂಜೆ ಕುಂಟೆಬಿಲ್ಲೆಗೂ ನನ್ನ ಜೊತೆಯೇ.

ನಮ್ಮಜ್ಜಿಯ ಬಾಯಲ್ಲಿ ಒಂದೊಂದು ವಾಸನೆಗೂ ಒಂದೊಂದು ಮಾತು. ತಳ ಹತ್ತಿದ ಹಾಲು ಸೀದದ್ದು, ಹಳೆಯ ಎಣ್ಣೆ ಕಮಟು. ಕೆಂಡ ತಗುಲಿದ ಬಟ್ಟೆ, ಹೊಗೆ ಕುಡಿದ ಕಂಬಳಿ, ಇವೆಲ್ಲ ಕಮರು. ಬಿಸಿಲಿಗೆ ಬಾಡಿದ ತುಳಸಿಯನ್ನೂ "ಕಮರಿಹೋಯ್ತು" ಎನ್ನುತ್ತಿದ್ದರು. ಆ ಮಾತನ್ನು ನಾನು ಸುಮಾಳಿಗೆ ಅಂಟಿಸಿದ್ದೆ. ಅವಳಿಗಿದ್ದದ್ದು ಒಂದೇ ಯೂನಿಫಾರ್ಮು. ರಾತ್ರಿ ಒಗೆದು, ಬೆಳಗ್ಗೆ ಒಲೆಯ ಬಾಯಿಗೆ ಹಿಡಿದು ಒಣಗಿಸಿ ಹಾಕಿಕೊಳ್ಳುತ್ತಿದ್ದಳು. "ಕಮರು ಬಂದ್ಲು, ಕಿಟಕಿ ತೆಗೀರೇ" ಎಂದರೆ ಕ್ಲಾಸೆಲ್ಲ ನಗುತ್ತಿತ್ತು.

ಬಾಗಿಲ ಸಂದಿಯಿಂದ ಹೊಗೆ ಬಂತು. ಅಜ್ಜಿ ಅಡುಗೆಮನೆಯಿಂದಲೇ ಕೇಳಿದರು: "ಏನೇ ಸುಡ್ತಾ ಇದೆ ಅಲ್ಲಿ? ನೋಡು."

"ಏನಿಲ್ಲಜ್ಜಿ, ಸುಮಾ ಇದಾಳೆ. ಅವಳು ಯಾವಾಗ್ಲೂ ಹೀಗೇ ನಾರ್ತಾಳೆ."

ಅಜ್ಜಿ ನಂಬಿದರು. ನಾನು ಹದಿಮೂರರ ಮಗ್ಗಿ ಹೇಳಿಕೊಳ್ಳುತ್ತ ನಿಂತೆ.

ಮಾರ್ಕೆಟ್ಟಿನಿಂದ ಹೂವಿನ ಬುಟ್ಟಿ ಹೊತ್ತು ಬಂದ ಸುಮಾಳ ಅಮ್ಮ, "ಸುಮಾ ಎಲ್ಲಮ್ಮಾ?" ಎಂದವರು ನನ್ನ ಉತ್ತರಕ್ಕೂ ಕಾಯದೆ ಬಾಗಿಲಿಗೆ ಭುಜ ಕೊಟ್ಟರು. ಚಿಲಕ ಕಿತ್ತುಬಂತು. ಒಣಗಿಸುತ್ತಿದ್ದ ಯೂನಿಫಾರ್ಮಿನ ಲಂಗ ಒಲೆಗೆ ಬಿದ್ದು, ಪಕ್ಕದ ಹೊಟ್ಟಿನ ಮೂಟೆಗೂ ಕಿಡಿ ಹಾರಿತ್ತು. ಸುಮಾ ಹೊಗೆಗೆ ಎಚ್ಚರ ತಪ್ಪಿ ಬಿದ್ದಿದ್ದಳು.

ಮೂರು ದಿನ ಆಸ್ಪತ್ರೆ. ಬದುಕಿದಳು. ಆ ಮೂರು ರಾತ್ರಿಯೂ ನಾನು ಎದ್ದೆದ್ದು ಗಾಳಿ ಮೂಸುತ್ತ ಕೂರುತ್ತಿದ್ದೆ. "ಪಾಪ, ಮಗು ಹೆದರ್ಬಿಟ್ಟಿದೆ" ಎಂದು ವಠಾರದವರು ಬಾದಾಮಿ ಹಾಲು ಕೊಟ್ಟರು. ಕುಡಿದೆ.

ನಾಲ್ಕನೇ ದಿನ ಮನೆಗೆ ಬಂದ ಸುಮಾ ನನ್ನಿಂದ ದೂರವೇ ನಿಂತು ಕೇಳಿದಳು: "ಇವಾಗ್ಲೂ ಬರತ್ತೇನೇ ವಾಸನೆ?"

ಸಂಜೆ, ಹೂ ಕಟ್ಟುತ್ತಿದ್ದ ಅವಳಮ್ಮನ ಮುಂದೆ ಕೂತು, ಆ ಬೆಳಗ್ಗೆ ನಾನು ಅಜ್ಜಿಗೆ ಅಂದಿದ್ದ ಮಾತನ್ನು ಹೇಳಿಬಿಟ್ಟೆ. ಅವರ ಬೆರಳು ನಿಲ್ಲಲಿಲ್ಲ.

"ಗೊತ್ತಮ್ಮ. ಒಳಗೆ ಕೇಳಿಸ್ತಂತೆ. ಅದಾದ್ಮೇಲೆ ಕೂಗೋಕೆ ನಾಚಿಕೆ ಆಯ್ತಂತೆ ಅವಳಿಗೆ. ತಾನೇ ಆರಿಸ್ಕೊಳೋಣ ಅಂದ್ಕೊಂಡ್ಳಂತೆ."

ಆ ವಠಾರ ಈಗಿಲ್ಲ. ನನ್ನ ಮಗಳಿಗೆ ಸೀದದ್ದೂ ಕಮಟೂ ಕಮರೂ ಒಂದೇ, ಬರೀ ‘ಸ್ಮೆಲ್’. ಅದೆಲ್ಲ ನೀವೂ ಕಳೆದುಕೊಂಡದ್ದೇ. ಸುಮಾ ಮತ್ತೆಂದೂ ನನ್ನ ಜೊತೆ ಕುಂಟೆಬಿಲ್ಲೆಗೆ ಬರಲಿಲ್ಲ. ಅದು ನಾನೊಬ್ಬಳೇ ಕಳೆದುಕೊಂಡದ್ದು.

ಅವಳಮ್ಮನಿಗೆ ಹೇಳಿಯಾಯಿತಲ್ಲ ಎಂಬ ನೆಮ್ಮದಿಗೆ ಆ ರಾತ್ರಿ ನನಗೆ ಬೆಳಗಿನವರೆಗೂ ನಿದ್ದೆ ಬಂತು. ಸುಮಾಳಿಗೆ ಬಂತೋ ಇಲ್ಲವೋ, ನಾನು ಕೇಳಲಿಲ್ಲ.