ಮೇಜು ನೇರ ಮಾಡುವ ಅಂಗಾರಣ್ಣ

ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಆಯುಷ್ಯ ಸವೆಸಿ ಮುಲುಂಡಿನ ಫ್ಲ್ಯಾಟಿಗೆ ಬಂದ ನಮ್ಮ ನೆರೆಯ ಅಂಗಾರಣ್ಣನಿಗೆ ವಾಲಿದ ಮೇಜು ಕಂಡರೆ ಚಡಪಡಿಕೆ. ಮದುವೆಯೂಟದಲ್ಲೂ ಮೇಜಿನ ಕಾಲಡಿಗೆ ರಟ್ಟು ಮಡಿಸಿಟ್ಟೇ ಊಟಕ್ಕೆ ಕೂರುತ್ತಾರೆ. ಹೆಂಡತಿ ವಿನೋದಿನಿಯಕ್ಕ ಅಂಧೇರಿಯಿಂದ ಲೋಕಲ್ ರೈಲಿನಲ್ಲಿ ತಬ್ಬಿಕೊಂಡು ತಂದು ಶೋಕೇಸಿನ ಮೇಲಿಟ್ಟ ಹೂದಾನಿಯ ಚಿತ್ರದ ಪ್ರಿಂಟಿನಲ್ಲಿ, ಹಳೆಯ ಫ್ರೆಂಚ್ ವರ್ಣಚಿತ್ರಗಳ ರೀತಿಯಂತೆ, ಹೂದಾನಿ ಇಟ್ಟ ಮೇಜನ್ನು ಬೇಕೆಂದೇ ವಾಲಿಸಿ ಬರೆದಿದೆ. ಅಂಗಾರಣ್ಣ ಚೌಕಟ್ಟಿನ ಒಂದು ಮೂಲೆಯಡಿ ರಟ್ಟು ಕೊಟ್ಟರು. ಮೇಜು ನೇರವಾಯಿತು, ಚಿತ್ರ ಸೊಟ್ಟಗಾಯಿತು. ಬಂದವರೆಲ್ಲ ನಕ್ಕಾಗ ಅಕ್ಕ ಮುಖ ಊದಿಸಿ, “ನಿಮಗೆ ಬೇಡದಿದ್ರೆ ವಾಪಸ್ ಕೊಡ್ತೇನೆ” ಅಂದರು. ಅಂಗಾರಣ್ಣ ಕಂಗಾಲಾದರು: “ಎಂಥ ಮಾರಾಯ್ತಿ, ನೀನು ಆಸೆಪಟ್ಟು ತಂದ ಹೂವು ಜಾರಿ ಬೀಳಬಾರದಲ್ಲ!” ಈಗ ಧೂಳು ಒರೆಸಿದ ಮೇಲೆ ಆ ರಟ್ಟನ್ನು ಅಕ್ಕನೇ ಮತ್ತೆ ಮೂಲೆಯಡಿ ಇಡುತ್ತಾರೆ.