ಗಾಳಿ ಹೋದ ಸುದ್ದಿ

ಇಂಡಿ ಪಟ್ಟಣದ ಸಣ್ಣ ದವಾಖಾನೆಯೊಂದರಲ್ಲಿ ನಾನು ನರ್ಸ್ ಆಗಿದ್ದಾಗ, ಕರುಳು ತಿರುಚಿಕೊಂಡಿದ್ದ ಗೌರವ್ವ ಎಂಬ ವಯಸ್ಸಾದ ಹೆಂಗಸನ್ನು ತಾಂಬಾ ಊರಿನಿಂದ ಕರೆತಂದರು. ಆಪರೇಷನ್ ಆಯಿತು. ಹೊಟ್ಟೆ ಕೊಯ್ದ ಮೇಲೆ ಕರುಳು ಕೆಲಕಾಲ ಮಲಗಿಬಿಡುತ್ತದೆ. ಅದು ಎಚ್ಚೆತ್ತು, ಹಿಂಡಿ ಹಿಂಡಿ ಒಳಗಿನದನ್ನು ಮುಂದಕ್ಕೆ ತಳ್ಳತೊಡಗಿದೆ ಎಂಬುದಕ್ಕೆ ಕೆಳಗಿನಿಂದ ಗಾಳಿ ಹೋಗುವುದೇ ಗುರುತು. ಅಲ್ಲಿಯವರೆಗೆ ಹನಿ ನೀರೂ ಬೇಡವೆಂದರು ಡಾಕ್ಟರು.

“ಗಾಳಿ ಹೋತೇನ್ರಿ, ಅಮ್ಮಾರ?” ಎಂದು ನಾನು ಕೇಳಿದಾಗಲೆಲ್ಲ ಆಕೆ ಸೆರಗೆಳೆದುಕೊಂಡು ಇಲ್ಲವೆಂದು ತಲೆಯಾಡಿಸುತ್ತಿದ್ದಳು. ನೀರಿಲ್ಲದೆ ತುಟಿಗಳು ಒಡೆದಿದ್ದವು.

ಡಾಕ್ಟರು ಸ್ಟೆಥಸ್ಕೋಪ್ ಇಟ್ಟು ನೋಡಿದರು. “ಒಳಗ ಸಪ್ಪಳೇನೋ ಐತಿ. ಹಂಗಾರ ಗಾಳಿ ಯಾಕ ಹೊಂಟಿಲ್ಲ? ಮತ್ತ ಕೊಯ್ಯೂದು ಬರ್ತೈತೇನು?” ಎಂದು ಚಿಂತೆಗೆ ಬಿದ್ದರು.

ನನಗೆ ಆಗ, ಸದಾ ಹಾಸಿಗೆಯ ಬಳಿಯೇ ನಿಂತಿರುತ್ತಿದ್ದ ಆಕೆಯ ಅಳಿಯ ಕಾಣಿಸಿದ. ಅವನನ್ನು ಹೊರಗೆ ಕಳಿಸಿ, ಆಕೆಯ ಕಿವಿಯಲ್ಲಿ ಮತ್ತೆ ಕೇಳಿದೆ.

“ನಿನ್ನೆನ ಹೋಗೈತಿ, ತಂಗಿ. ಅಳ್ಯಾನ ಮುಂದ ಹೆಂಗ ಹೇಳ್ಲಿ?”

ಡಾಕ್ಟರಿಗೆ ಹೇಳಿ ಕೊಟ್ಟ ಮೊದಲ ಚಮಚ ನೀರು ಇಳಿದಾಗ ಆಕೆ ಕಣ್ಣು ಮುಚ್ಚಿದಳು. ಒಂದು ಗುಟುಕು ನೀರಿಗೆ ಒಳಗೆ ಎಷ್ಟೆಲ್ಲ ದಾರಿ ತೆರೆದಿರಬೇಕೆಂದು ನಾನು ಅದುವರೆಗೆ ಯೋಚಿಸಿರಲೇ ಇಲ್ಲ.

ಅಳಿಯನಿಗೆ ತಿಳಿಸಿದ್ದೇ ತಡ, ಎದುರಿನ ಟೆಲಿಫೋನ್ ಬೂತಿಗೆ ಓಡಿ ಊರಿಗೆ ಫೋನ್ ಹಚ್ಚಿದ. “ನಮ್ಮ ಅತ್ತೀದು ಗಾಳಿ ಹೋತ್ರೀ!” ಎಂದು ಅವನು ಕೂಗಿದ್ದು ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸಿತು.