ಕೂರಿಸ್ಬೇಡಿ ಸಿಸ್ಟರ್

ಹೊಸನಗರದ ಕಡೆಯ ಆಸ್ಪತ್ರೆಯೊಂದರಲ್ಲಿ ಒಬ್ಬ ಸಿಸ್ಟರ್ ಇದ್ದರು. ಪೆಟ್ಟಾದವರನ್ನು ಹೊತ್ತ ಜೀಪು ಬಂದರೆ, ಬಳೆ ಕಳಚಿ ಜೇಬಿಗೆ ಹಾಕಿಕೊಳ್ಳುತ್ತಲೇ ಹೊರಗೆ ಬರುವರು. ಮೊದಲ ಮಾತು ಯಾವಾಗಲೂ ಒಂದೇ: “ಕೂರಿಸ್ಬೇಡಿ.”

ನಮ್ಮಲ್ಲಿ ಮರದಿಂದ ಬಿದ್ದವರನ್ನು ಎತ್ತಿ ಕೂರಿಸಿ ನೀರು ಕುಡಿಸುವುದೇ ಉಪಚಾರ. ಅಡಿಕೆ ಕೊನೆ ತೆಗೆಯುವಾಗ ಬಿದ್ದ ನನ್ನ ತಮ್ಮ ಆಸ್ಪತ್ರೆ ಬಾಗಿಲಲ್ಲಿ ನೀರು ಕೇಳಿದ. ಎತ್ತಲು ಹೋದೆ. ಸಿಸ್ಟರ್ ನನ್ನ ಕೈ ತಳ್ಳಿ, ಅವನ ತಲೆಯನ್ನು ಎರಡೂ ಅಂಗೈಯಲ್ಲಿ ಅಲುಗದಂತೆ ಹಿಡಿದರು.

“ಕುತ್ತಿಗೆ ಮೂಳೆ ಮುರಿದಿರ್ಬಹುದು. ಅಲುಗಿದ್ರೆ ಕೈಕಾಲು ಹೋಗ್ತವೆ.”

ನೀರು ಕೇಳಿದವನಿಗೆ ನೀರೂ ಕೊಡದ ಇವರೆಂಥ ಸಿಸ್ಟರ್ ಎಂದು ನನಗೆ ಸಿಟ್ಟು ಬಂತು. ಅವರು ಲೆಕ್ಕಿಸಲಿಲ್ಲ. ಕುತ್ತಿಗೆಗೆ ಪಟ್ಟಿ ಕಟ್ಟಿ, ಹಲಗೆಯ ಮೇಲೆ ಜಾರಿಸಿ, ಆಂಬುಲೆನ್ಸನ್ನು ತಾವೂ ಹತ್ತಿದರು. ರಿಪ್ಪನ್‌ಪೇಟೆ ದಾಟಿ ಶಿವಮೊಗ್ಗ ಮುಟ್ಟುವವರೆಗೂ ಆ ಅಂಗೈಗಳು ಅವನ ತಲೆಯ ಎರಡೂ ಬದಿ ಹಾಗೇ ಇದ್ದವು.

“ಮೂಳೆ ಮುರಿದಿದೆ, ನರ ಉಳಿದಿದೆ,” ಎಂದರು ಅಲ್ಲಿಯ ಡಾಕ್ಟರು.

ಮಳೆಗಾಲ ಕಳೆಯುವ ಹೊತ್ತಿಗೆ ತಮ್ಮ ತನ್ನ ಕಾಲಲ್ಲೇ ನಡೆದು ಸಿಸ್ಟರನ್ನು ನೋಡಲು ಹೋದ. ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕುರ್ಚಿ ಎಳೆದು ಅವನ ಮುಂದಿಟ್ಟರು.

“ಈಗ ಕೂತ್ಕೊ ಮಾರಾಯ.”